ಖಾಲಿಯಾಗದ ಪರದೆ

ಮೂರನೆಯ ಬಾಣ ಎಳೆದು ಅವನು ಮಾರ್ಕರಿಗೆ ಮುಚ್ಚಳ ಹಾಕಿದ. ಬೋರ್ಡಿನ ಮೇಲೆ ಈಗ ನಾಲ್ಕು ಚೌಕಗಳಿದ್ದವು. ಮೂರರಲ್ಲಿ ಬರಹವಿತ್ತು, ನಾಲ್ಕನೆಯದನ್ನು ಬೇಕೆಂದೇ ಖಾಲಿ ಬಿಟ್ಟಿದ್ದ. ಮೇಜಿನಾಚೆ ಕೂತ ಮೂವರಲ್ಲಿ ಯಾರಾದರೊಬ್ಬರು ಅದರ ಬಗ್ಗೆ ಕೇಳುವ ತನಕ ಸುಮ್ಮನಿರಬೇಕು. ಕೇಳಿಯೇ ಕೇಳುತ್ತಾರೆ. ಈವರೆಗೆ ಯಾವ ಇಂಟರ್‌ವ್ಯೂನಲ್ಲೂ ಕೇಳದೆ ಬಿಟ್ಟವರಿಲ್ಲ.

"ಆ ಖಾಲಿ ಡಬ್ಬಿ ಏನು?" ಅಂದ ಕಂಪನಿಯ ಯುವ ಮಾಲೀಕ.

"ಅದೇ ಕತೆ."

ಇಲ್ಲಿ ಒಂದು ಸಣ್ಣ ನಗು ಬರಬೇಕು. ಬಂತು.

"ಸಿಲಿಂಡರಿಗೆ ನಮ್ಮ ಮೀಟರ್ ಕಟ್ಟಿರ್ತೀವಿ. ಎಷ್ಟು ಆಕ್ಸಿಜನ್ ಉಳಿದಿದೆ ಅಂತ ಅದು ಹೇಳ್ತಾ ಇರುತ್ತೆ, ನರ್ಸ್ ಮುಂದಿರೋ ಪರದೆ ಮೇಲೆ ಕಾಣುತ್ತೆ. ನೆಟ್‌ವರ್ಕ್ ಹೋಯ್ತು ಅಂದ್ಕೊಳ್ಳಿ. ಬೇರೆಯವರ ಪರದೆ ಖಾಲಿಯಾಗುತ್ತೆ, ವಾರ್ಡೆಲ್ಲ ಗಾಬರಿ. ನಮ್ಮದು ಖಾಲಿಯಾಗ್ತಿರ್ಲಿಲ್ಲ. ಹಿಂದಿನ ಲೆಕ್ಕ ನೋಡಿ, ಈಗ ಇಷ್ಟಿರಬಹುದು ಅಂತ ತಾನೇ ಅಂದಾಜು ಮಾಡಿ ತೋರಿಸ್ತಿತ್ತು. ನೆಟ್‌ವರ್ಕ್ ವಾಪಸ್ ಬಂದಾಗ ನೋಡಿದ್ರೆ ಅಂದಾಜಿಗೂ ನಿಜಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ."

ಹೇಳುತ್ತಲೇ ನಾಲ್ಕನೆಯ ಚೌಕದೊಳಗೆ 'ಅಂದಾಜು' ಎಂದು ಬರೆದ. ಯುವ ಮಾಲೀಕ ತಲೆದೂಗಿದ. ಅವನ ಪಕ್ಕದ ಎಂಜಿನಿಯರ್ ತನ್ನ ಲ್ಯಾಪ್‌ಟಾಪ್ ಮುಚ್ಚಿ ಕೈಕಟ್ಟಿ ಕೂತ, ಅಂದರೆ ಇನ್ನು ಕೇಳುವುದೇನೂ ಇಲ್ಲ. ಮೂರನೆಯವರು ನರೆಗೂದಲಿನ ಹೆಂಗಸು, ಕಂಪನಿಯ ವಕೀಲರಂತೆ. ಅಷ್ಟು ಹೊತ್ತೂ ಮಾತಾಡದೆ ಇದ್ದವರು ಈಗ ಕೇಳಿದರು.

"ಇದನ್ನೆಲ್ಲ ನೀವೊಬ್ಬರೇ ಬರೆದಿದ್ದಾ?"

"ಒಂದೊಂದು ಸಾಲೂ."

ಕಿವಿ ಬಿಸಿಯಾಗಿ ಕೆಂಪೇರಿತು. ಅದಕ್ಕೆಂದೇ ಅವನು ಕೂದಲು ಉದ್ದ ಬಿಟ್ಟಿದ್ದ. ಕಂಪ್ಯೂಟರಿನ ಮುಂದೆ ಕೂತು ಕೊಡುವ ಇಂಟರ್‌ವ್ಯೂಗಳಿಗೆ ಕಿವಿ ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನ್ ಇತ್ತು. ಮೈಯ ಉಳಿದ ಭಾಗವೆಲ್ಲ ಸುಳ್ಳಿಗೆ ಪಳಗಿತ್ತು. ಕಣ್ಣು ಕದಲುತ್ತಿರಲಿಲ್ಲ, ದನಿ ಒಡೆಯುತ್ತಿರಲಿಲ್ಲ, ಕೈ ಬೋರ್ಡಿನ ಮೇಲೆ ನೆಟ್ಟಗೆ ಗೆರೆ ಎಳೆಯುತ್ತಿತ್ತು. ಕಿವಿ ಮಾತ್ರ ಇವತ್ತಿಗೂ ಹೇಳಿದ ಮಾತು ಕೇಳುತ್ತಿರಲಿಲ್ಲ.

ಒಂದೊಂದು ಸಾಲೂ ಬೇರೊಬ್ಬರದು.

ಆ ಮೊದಲ ಸ್ಟಾರ್ಟಪ್ಪಿನಲ್ಲಿ ಅವನು ಫೋನ್ ಎತ್ತುತ್ತಿದ್ದ. ಎಂಜಿನಿಯರಿಂಗ್ ಪದವಿ ಅವನಿಗೂ ಇತ್ತು, ಅಲ್ಲಿದ್ದ ಉಳಿದ ನಾಲ್ವರಿಗಿಂತ ಅಂಕ ತುಸು ಹೆಚ್ಚೇ. ಸೇರಿಸಿಕೊಳ್ಳುವಾಗ ಮಾಲೀಕ, 'ಸದ್ಯಕ್ಕೆ ಫೋನ್ ನೋಡ್ಕೋ, ಎರಡು ತಿಂಗಳಲ್ಲಿ ಕೋಡಿಂಗಿಗೆ ಹಾಕ್ತೀನಿ' ಅಂದಿದ್ದ. ನಾವೆಲ್ಲ ಒಂದೇ ಮನೆಯವರು ಎಂದು ಮಾಲೀಕ ಪದೇ ಪದೇ ಹೇಳುತ್ತಿದ್ದರಿಂದ ಎಲ್ಲರೂ ಅವನನ್ನು ಅಣ್ಣ ಅನ್ನುತ್ತಿದ್ದರು. ಆ ಮನೆಯಲ್ಲಿ ಇವನಿಗೆ ಇಟ್ಟ ಹೆಸರು 'ಹಲೋ'. ಹಲೋ ಬಂದನಾ, ಹಲೋ ಊಟ ತರಿಸ್ತಾನಾ, ಏ ಹಲೋ ಸ್ವಲ್ಪ ಆ ಕಿಟಕಿ ಮುಚ್ಚು. ಹೂಡಿಕೆದಾರರು ಬಂದ ದಿನ ಅಣ್ಣ ಒಬ್ಬೊಬ್ಬರ ಹೆಗಲ ಮೇಲೂ ಕೈಯಿಟ್ಟು ಪರಿಚಯಿಸುತ್ತಾ ಬಂದು ಇವನ ಹತ್ತಿರ ನಿಂತ, ಒಂದು ಕ್ಷಣ ಯೋಚಿಸಿದ, ಆಮೇಲೆ 'ಇದು ನಮ್ಮ ಪ್ರಿಂಟರ್ ಇಡೋ ಜಾಗ' ಎಂದು ಮುಂದೆ ನಡೆದ. ಪ್ರಿಂಟರ್ ಇವನ ಮೇಜಿನ ಮೇಲೇ ಇತ್ತು ಅನ್ನುವುದು ನಿಜ.

ಕಂಪನಿ ಮುಳುಗಿತು. ಎಂಜಿನಿಯರುಗಳು ಒಬ್ಬೊಬ್ಬರಾಗಿ ಎದ್ದು ಹೋದರು. ಕೊನೆಯ ತಿಂಗಳು ಆ ಆಫೀಸಿನಲ್ಲಿ ಇವನೊಬ್ಬನೇ ಕೂತಿದ್ದ, ಬಾಡಿಗೆ ಮೊದಲೇ ಕಟ್ಟಿಯಾಗಿತ್ತು ಅಂತ. ಅದಾದ ಮೇಲೆ ಕೆಲಸ ಹುಡುಕಿಕೊಂಡು ಹೋದಲ್ಲೆಲ್ಲ ಅವನ ರೆಸ್ಯುಮೆಯ ಆ ಒಂದು ಸಾಲಿನ ಮೇಲೆ ಎದುರಿನವರ ಬೆರಳು ನಿಲ್ಲುತ್ತಿತ್ತು. 'ಓ, ಫೋನ್ ಕೆಲಸ.' ಆಮೇಲೆ ನೀರು ಬೇಕಾ ಎಂದು ಕೇಳುತ್ತಿದ್ದರು. ಸಾರಿ ಅನ್ನುವುದಕ್ಕೆ ಬದಲು ನೀರು ಕೊಡುವುದು ಈ ಊರಿನ ಆಫೀಸುಗಳ ಮರ್ಯಾದೆ. ಅಷ್ಟು ನೀರು ಕುಡಿದ ಮೇಲೆ ಒಂದು ಮಧ್ಯಾಹ್ನ, ಲಿಫ್ಟಿಗೆ ಕಾಯುತ್ತಾ ನಿಂತಾಗ, ಯೋಚನೆ ಬಂತು. ಬಂತು ಅನ್ನುವುದಕ್ಕಿಂತ ಅಲ್ಲೇ ಎಲ್ಲೋ ಕೂತಿದ್ದು ಎದ್ದು ನಿಂತಿತು.

ಬದುಕಿರುವ ಕಂಪನಿಯ ಬಗ್ಗೆ ಸುಳ್ಳು ಹೇಳುವವರು ದಡ್ಡರು. ಅಲ್ಲಿ ಫೋನ್ ಎತ್ತುವವರಿರುತ್ತಾರೆ, ವಿಚಾರಿಸಿದರೆ ಉತ್ತರ ಬರುತ್ತದೆ. ಸತ್ತ ಸ್ಟಾರ್ಟಪ್ಪಿನಷ್ಟು ಸುರಕ್ಷಿತ ಜಾಗ ಇನ್ನೊಂದಿಲ್ಲ. ವೆಬ್‌ಸೈಟ್ ಹೋಗಿತ್ತು. ಆಫೀಸಿದ್ದ ಜಾಗದಲ್ಲಿ ಈಗ ಹಾಸಿಗೆ ಮಾರುತ್ತಿದ್ದರು. ಒಂದು ದಿನ ಹೋಗಿ, ಕೊಳ್ಳುವವನಂತೆ ಒಂದೆರಡನ್ನು ಒತ್ತಿ ನೋಡಿ, ಹಳೆಯದೇನೂ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡು ಬಂದ. ಅಣ್ಣ ಸಾಲ ಕೊಟ್ಟವರಿಗೆ ಹೆದರಿ ನಂಬರು ಬದಲಿಸಿದ್ದ. ಮೂವರು ಎಂಜಿನಿಯರುಗಳು ದೂರದ ದೇಶಗಳಲ್ಲಿದ್ದರು, ತಮ್ಮ ಹಳೆಯ ಸೋಲನ್ನು ನೆನೆಯುವ ಇಷ್ಟ ಅವರಿಗೂ ಇರಲಿಲ್ಲ.

ಉಳಿದದ್ದು ಮೇಷ್ಟ್ರು. ಆಕ್ಸಿಜನ್ ಮೀಟರಿನ ಪ್ರೋಗ್ರಾಮನ್ನು ಮೊದಲಿಂದ ಕೊನೆಯವರೆಗೆ ಬರೆದವರು ಅವರು. ಹಿಂದೆ ಯಾವುದೋ ಟ್ಯುಟೋರಿಯಲ್‌ನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರೆಂದು ಆ ಹೆಸರು. ಮಾತು ಕಡಿಮೆ, ಜಗಳ ಇಲ್ಲವೇ ಇಲ್ಲ. ಕಂಪನಿ ಬೀಳುವ ಮೊದಲೇ, ಸಂಬಳ ತಡವಾದ ಎರಡನೆಯ ತಿಂಗಳು, ಒಂದು ಸಂಜೆ ತಮ್ಮ ಲೋಟ ತೊಳೆದು ಚೀಲಕ್ಕೆ ಹಾಕಿಕೊಂಡು ಹೋದವರು ಮತ್ತೆ ಬರಲಿಲ್ಲ. ಈ ಉದ್ಯೋಗವನ್ನೇ ಬಿಟ್ಟು ಬಣ್ಣದ ಮೀನಿನ ಅಂಗಡಿ ಇಟ್ಟಿದ್ದಾರೆಂದು ತಿಳಿಯಿತು. ಮೀನು ಮಾರುವವರು ಯಾರ ರೆಸ್ಯುಮೆಯನ್ನೂ ಓದುವುದಿಲ್ಲ.

ದಾಖಲೆಯ ಕಾಟವೂ ಇರಲಿಲ್ಲ. ಬೇರೆ ಕಂಪನಿಗಳಲ್ಲಿ ಕೋಡಿನ ಪ್ರತಿಯೊಂದು ಬದಲಾವಣೆಯ ಪಕ್ಕದಲ್ಲೂ ಮಾಡಿದವರ ಹೆಸರಿರುತ್ತದೆ. ಇಲ್ಲಿ, ತಲೆಗಿಷ್ಟು ಎಂದು ಕಟ್ಟಬೇಕಾಗುತ್ತದೆಂದು ಅಣ್ಣ ಇಡೀ ಆಫೀಸಿಗೆ ಒಂದೇ ಲಾಗಿನ್ ತೆಗೆದುಕೊಂಡಿದ್ದ. ಯಾರು ಏನು ಬರೆದರೂ ಬೀಳುತ್ತಿದ್ದದ್ದು ಕಂಪನಿಯ ಹೆಸರು. ಪಾಸ್‌ವರ್ಡ್ ನೀರಿನ ಫಿಲ್ಟರಿನ ಮೇಲೆ ಅಂಟಿಸಿತ್ತು, ಫಿಲ್ಟರ್ ಕೆಟ್ಟುಹೋದ ಮೇಲೂ. ಆ ಮನೆಯಲ್ಲಿ ಯಾರ ಬಟ್ಟೆ ಯಾರದೆಂದು ಗುರುತಿಸುವ ಹಾಗಿರಲಿಲ್ಲ. ಹಾಗಾಗಿ ಯಾರದನ್ನು ಬೇಕಾದರೂ ತೊಟ್ಟುಕೊಂಡು ಹೊರಡಬಹುದಿತ್ತು.

ಆದರೆ ತೊಟ್ಟದ್ದು ಮೈಗೆ ಸರಿಯಾಗಿ ಕೂರಬೇಕು. ಅದಕ್ಕಾಗಿ ಅವನು ದುಡಿದ. ಮೇಷ್ಟ್ರ ಕೋಡಿನ ಒಂದು ಪ್ರತಿ ಅವನ ಹಳೆಯ ಲ್ಯಾಪ್‌ಟಾಪಿನಲ್ಲಿ ಉಳಿದಿತ್ತು. ಹೆಂಡತಿ ಏಳುವ ಮೊದಲು, ಅಡುಗೆಮನೆಯ ಕಟ್ಟೆಯ ಮೇಲೆ ಅದನ್ನಿಟ್ಟುಕೊಂಡು ನಿಂತೇ ಓದಿದ. ಮೊದಮೊದಲು ಏನೂ ಅರ್ಥವಾಗಲಿಲ್ಲ. ಆಮೇಲೆ ಒಂದೊಂದೇ ಕೋಣೆಯ ದೀಪ ಹತ್ತಿದ ಹಾಗೆ ಅರ್ಥವಾಗತೊಡಗಿತು. ಮೇಷ್ಟ್ರು ಎಲ್ಲಿ ಅವಸರ ಮಾಡಿದ್ದಾರೆ, ಎಲ್ಲಿ ಖುಷಿಯಾಗಿದ್ದಾರೆ, ಎಲ್ಲಿ ಅಣ್ಣನ ಮೇಲೆ ಸಿಟ್ಟಾಗಿ ಎದ್ದು ಹೋಗಿ ಬಂದು ಬರೆದಿದ್ದಾರೆ ಎಂಬುದೂ ತಿಳಿಯುವಷ್ಟು. ಪೂರ್ತಿ ಅಳಿಸಿ, ನೋಡದೆ ಮತ್ತೆ ಬರೆದ. ತಪ್ಪಿದಲ್ಲಿ ತಿದ್ದಿ ಮತ್ತೆ ಬರೆದ. ಕೊನೆಕೊನೆಗೆ ಅವನ ಕೈ ಮೇಷ್ಟ್ರ ಹಾಗೆಯೇ ಯೋಚಿಸುತ್ತಿತ್ತು. ಅಷ್ಟು ಹೊತ್ತಿಗೆ ಅವನು ನಿಜಕ್ಕೂ ಒಳ್ಳೆಯ ಎಂಜಿನಿಯರ್ ಆಗಿದ್ದ. ಇದು ಅವನಿಗೆ ಸಮಾಧಾನ ಕೊಡಬೇಕಿತ್ತು. ಬದಲಿಗೆ, ಇನ್ನು ಈ ಸುಳ್ಳಿನ ಅಗತ್ಯವಿತ್ತೇ ಎಂಬ ಪ್ರಶ್ನೆ ಎದ್ದು, ಅದಕ್ಕೆ ಉತ್ತರ ಹುಡುಕುವ ಧೈರ್ಯವಾಗದೆ ಇನ್ನಷ್ಟು ನಾಚಿಕೆಯಾಯಿತು.

ಒಂದು ಕೊಂಡಿ ಮಾತ್ರ ಬಾಕಿಯಿತ್ತು. ಹಳೆಯ ಕಂಪನಿಯಿಂದ ಯಾರಾದರೂ ಫೋನಿನಲ್ಲಿ ಒಳ್ಳೆಯ ಮಾತು ಹೇಳಬೇಕಿತ್ತು. ಹೆಂಡತಿ ಹಲ್ಲಿನ ಡಾಕ್ಟರ ಬಳಿ ರಿಸೆಪ್ಷನಿಸ್ಟ್. ಫೋನಿನಲ್ಲಿ ಅವಳ ದನಿ ಕೇಳಿದರೆ ಅರ್ಧ ನೋವು ಹೋಗುತ್ತದೆಂದು ರೋಗಿಗಳೇ ಹೇಳುತ್ತಿದ್ದರು.

"ನಾನು ಯಾರಾಗ್ಬೇಕು?" ಅವಳು ಕೇಳಿದಳು.

"ಆಡಳಿತ ನೋಡ್ಕೊಳ್ತಿದ್ದೋರು."

"ಅಲ್ಲಿ ಹಾಗಂತ ಒಬ್ರು ಇದ್ರಾ?"

"ಇರ್ಲಿಲ್ಲ."

"ಸದ್ಯ. ಇಲ್ದೇ ಇರೋರ ಮಾನ ತೆಗೆದ ಹಾಗಾಗಲ್ಲ."

ಕರೆ ಬಂದಾಗ ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಳು. ಮಡಿಸುತ್ತಲೇ ಮಾತಾಡಿದಳು. ಹೌದು, ಎಲ್ಲಾ ಅವರೇ ಬರೆದಿದ್ದು. ತುಂಬಾ ನಂಬಿಕಸ್ಥರು. ಕಂಪನಿ ಬಾಗಿಲು ಹಾಕೋ ತನಕ ಬಿಟ್ಟು ಹೋಗ್ಲಿಲ್ಲ ನೋಡಿ. ಫೋನ್ ಇಟ್ಟು, ಮಡಿಸಿದ ಅವನ ಅಂಗಿಯನ್ನು ಮತ್ತೆ ಬಿಡಿಸಿ, ಮತ್ತೆ ಮಡಿಸಿದಳು.

"ಕೆಲಸ ಸಿಗುತ್ತೆ ನಿಂಗೆ," ಅಂದಳು. "ಇನ್ನೊಂದ್ಸಲ ನನ್ನ ಕೇಳ್ಬೇಡ. ನಂಬಿಕಸ್ಥ ಅನ್ನೋವಾಗ ನಾಲಿಗೆ ಕಚ್ಚಿಕೊಂಡೆ, ಇನ್ನೂ ಉರೀತಿದೆ."

ಇನ್ನೊಂದು ಸಲ ಕೇಳುವ ಅಗತ್ಯ ಬರಲಿಲ್ಲ. ಒಂದು ಸ್ಟಾರ್ಟಪ್ ಇನ್ನೊಂದಕ್ಕೆ ಹೇಳುತ್ತದೆ, ಅದು ಮತ್ತೊಂದಕ್ಕೆ. ಎರಡನೆಯ ಕೆಲಸದಲ್ಲಿ ಅವನ ಕೈಕೆಳಗೆ ಜನರಿದ್ದರು. ಮೂರನೆಯದರಲ್ಲಿ ಅವನಿಗೊಂದು ಗಾಜಿನ ಕೋಣೆ. ಬೇರೆಯವರು ಕಳಿಸಿದ ರೆಸ್ಯುಮೆಗಳು ಅವನ ಮೇಜಿಗೆ ಬಂದವು. ಒಂದರಲ್ಲಿ 'ಫೋನ್ ಸಹಾಯಕ' ಅನ್ನುವ ಸಾಲು ಕಂಡು, ಏನೂ ಕೇಳದೆ ಆ ಹುಡುಗಿಯನ್ನು ಎಂಜಿನಿಯರಾಗಿಯೇ ತೆಗೆದುಕೊಂಡ. ಅವಳು ಕಣ್ಣಲ್ಲಿ ನೀರು ತಂದುಕೊಂಡು ಥ್ಯಾಂಕ್ಸ್ ಹೇಳಿದಾಗ ಎದ್ದು ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದ. ಕಳೆದ ವರ್ಷ ಎಂಜಿನಿಯರುಗಳ ಒಂದು ದೊಡ್ಡ ಸಭೆಯಲ್ಲಿ ವೇದಿಕೆ ಹತ್ತಿ ಆ ಮೀಟರಿನ ಕತೆ ಹೇಳಿದ. 'ಖಾಲಿ ಪರದೆ ಅಂದರೆ ಎಂಜಿನಿಯರ್ ಕೈಚೆಲ್ಲಿದ ಅಂತ ಅರ್ಥ.' ಜನ ಚಪ್ಪಾಳೆ ತಟ್ಟಿದರು. ಆ ಮಾತಿನ ವಿಡಿಯೊವನ್ನು ಯಾರೋ ತಮ್ಮ ಕಂಪನಿಯ ಹೊಸಬರಿಗೆಲ್ಲ ತೋರಿಸುತ್ತಾರಂತೆ. ಹೆಂಡತಿ ಅರ್ಧ ನೋಡಿ, ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗಿ ಎದ್ದು ಹೋದಳು.

ಈಗ ಈ ನಾಲ್ಕನೆಯ ಕಂಪನಿಯೇ ತಾನಾಗಿ ಬರೆದು ಕರೆಸಿತ್ತು. ಆಸ್ಪತ್ರೆಗಳಿಗೆ ಯಂತ್ರ ಮಾಡುವವರು, ಇಡೀ ತಾಂತ್ರಿಕ ವಿಭಾಗಕ್ಕೆ ಮುಖ್ಯಸ್ಥರು ಬೇಕಂತೆ. ಬೋರ್ಡಿನ ಮುಂದೆ ಆ ಖಾಲಿ ಚೌಕದ ಕತೆ ಮುಗಿದ ವಾರಕ್ಕೆ, ಇನ್ನೊಂದು ಸುತ್ತು ಮಾತಾಡೋಣ ಬನ್ನಿ ಎಂದು ಕರೆ ಬಂತು. ಹೊಸ ಅಂಗಿ ಹಾಕಿಕೊಂಡು ಹೋದ.

ಈ ಸಲ ಕೋಣೆ ಚಿಕ್ಕದು. ಬೋರ್ಡ್ ಇರಲಿಲ್ಲ. ವಕೀಲರೊಬ್ಬರೇ ಕೂತಿದ್ದರು.

"ನೀರು ಬೇಕಾ?" ಅಂದರು.

ಆ ಪ್ರಶ್ನೆಯ ಅರ್ಥ ಅವನಿಗೆ ಗೊತ್ತಿತ್ತು.

ವಕೀಲರು ಕತೆ ಹೇಳುವವರಲ್ಲ. ಇದ್ದದ್ದನ್ನು ಇದ್ದ ಹಾಗೆ ಇಟ್ಟರು. ಮುಳುಗಿದ ಆ ಸ್ಟಾರ್ಟಪ್ಪಿನ ಸರಕನ್ನು, ಪ್ರೋಗ್ರಾಮು ಸಮೇತ, ಈ ಕಂಪನಿ ಗುಜರಿ ಬೆಲೆಗೆ ಕೊಂಡಿತ್ತು. ಒಳಗೆ ಏನಿದೆ ಎಂದು ಬಿಚ್ಚಿ ನೋಡದೆ ತನ್ನ ಮೀಟರುಗಳಿಗೆ ತುಂಬಿತ್ತು. ಚೆನ್ನಾಗಿಯೇ ಓಡುತ್ತಿತ್ತು.

"ಒಂದು ನರ್ಸಿಂಗ್ ಹೋಂ," ಅಂದರು. "ಹೊಲಿಗೆ ಕೆಲಸ ಮಾಡ್ತಿದ್ದ ಹೆಂಗಸು, ಶ್ವಾಸದ ತೊಂದರೆ. ಮೀಟರಿನ ತಂತಿ ಬೆಳಿಗ್ಗೇನೇ ಕಿತ್ತು ಬಂದಿತ್ತು, ಯಾರೂ ನೋಡಿರ್ಲಿಲ್ಲ. ಆಮೇಲೆ ಡಾಕ್ಟರ್ ಬಂದು ಆಕ್ಸಿಜನ್ ಹೆಚ್ಚಿಗೆ ಬಿಡೋಕೆ ಹೇಳಿದ್ರು. ಸಿಲಿಂಡರ್ ಬೇಗ ಮುಗೀತು. ಪರದೆ ಮಾತ್ರ ನಿಧಾನಕ್ಕೆ, ಬಹಳ ನಂಬೋ ಹಾಗೆ ಇಳೀತಾ ಇತ್ತು. ಇನ್ನೂ ಅರ್ಧ ಇದೆ ಅಂತಿತ್ತು. ಅವರ ಯಜಮಾನರು ಪಕ್ಕದಲ್ಲೇ ಕೂತಿದ್ರು. ಹೆಂಡತಿ ಒದ್ದಾಡ್ತಿರೋದು ನೋಡಿ ಎರಡು ಸಲ ಎದ್ದರಂತೆ. ಎರಡು ಸಲಾನೂ ಪರದೆ ನೋಡಿ ಮತ್ತೆ ಕೂತರಂತೆ."

ಅವನು ನೀರಿನ ಲೋಟ ಹಿಡಿದುಕೊಂಡ. ಕುಡಿಯಲಿಲ್ಲ.

"ಇದನ್ನ ಬರೆದಿದ್ದು ಯಾರು ಅಂತ ಎಲ್ಲೂ ಇಲ್ಲ. ಎಲ್ಲಾ ಕಡೆ ಕಂಪನಿ ಹೆಸರೇ. ಎಷ್ಟು ಹುಡುಕಿದ್ವಿ ಗೊತ್ತಾ? ಆಮೇಲೆ ನಿಮ್ಮ ಭಾಷಣ ಸಿಕ್ತು. ನಿಮಗೆ ಕೆಲಸ ಇದೆ ಅಂತ ಬರೆಸಿದ್ದು ನಾನೇ."

"ಬರೆದಿದ್ದು ನಾನಲ್ಲ."

ಆ ಮಾತು ಅವನ ಬಾಯಿಂದ ಅಷ್ಟು ಸಲೀಸಾಗಿ ಬಂತಲ್ಲ ಎಂದು ಅವನಿಗೇ ಅಸಹ್ಯವಾಯಿತು. ಇಷ್ಟು ವರ್ಷ ಹೇಳಲಾಗದ ಸತ್ಯ, ಒಬ್ಬಳು ಸತ್ತಳೆಂದು ತಿಳಿದ ಮರುಗಳಿಗೆಗೆ.

"ಹೋದ ವಾರ ಒಂದೊಂದು ಸಾಲೂ ಅಂದ್ರಿ."

"ಸುಳ್ಳು ಹೇಳಿದೆ."

"ಯಾವಾಗ? ಆವಾಗ್ಲಾ, ಈಗ್ಲಾ?"

"ಮೇಡಂ, ಅಲ್ಲಿ ನಾನು ಫೋನ್ ಎತ್ತೋನು. ಬರೀ ಫೋನ್."

ವಕೀಲರು ಮೊದಲ ಸಲ ನಕ್ಕರು. ಕೆಟ್ಟ ನಗುವಲ್ಲ, ಬಹಳ ಜನರನ್ನು ಕಂಡ ಬೇಸರದ್ದು. "ಫೋನ್ ಎತ್ತೋರಿಗೆ ಇಷ್ಟು ಚೆನ್ನಾಗಿ ಗೊತ್ತಿರುತ್ತಾ? ನಮ್ಮ ಎಂಜಿನಿಯರ್ ಹೊರಗೆ ಬಂದು ಏನಂದ ಗೊತ್ತಾ, ಇದು ಬರೆದೋನಿಗೆ ಬಿಟ್ಟು ಬೇರೆಯವರಿಗೆ ಬರಲ್ಲ ಅಂದ." ಎದ್ದು ನಿಂತರು. "ಬರೆದೋರು ಬೇರೆ ಇದ್ರೆ ಅವರ ಬಾಯಲ್ಲೇ ಹೇಳಿಸಿ. ನಾಡಿದ್ದು ನಾನು ಪೊಲೀಸರಿಗೆ ಒಂದು ಹೆಸರು ಕೊಡಬೇಕು. ಸದ್ಯಕ್ಕೆ ನನ್ನ ಹತ್ರ ಇರೋದು ಒಂದೇ."

ಮೆಟ್ಟಿಲಿಳಿಯುವಾಗ ಅವನಿಗೆ ಆ ಗಂಡ ಕಂಡ. ಎದ್ದು, ಪರದೆ ನೋಡಿ, ಕೂರುವ ಗಂಡ. ಕೆಳಗಿನ ಮಹಡಿ ಮುಟ್ಟುವಷ್ಟರಲ್ಲಿ ಅವನ ತಲೆಯೊಳಗೆ ಬೇರೆಯದೇ ಕೆಲಸ ಶುರುವಾಗಿತ್ತು, ಹಳೆಯ ಶಿಸ್ತಿನಲ್ಲಿ, ಅವನ ಅಪ್ಪಣೆಗೂ ಕಾಯದೆ.

ಮೇಷ್ಟ್ರಿಗೆ ನರ್ಸಿಂಗ್ ಹೋಮಿನ ಸುದ್ದಿ ಗೊತ್ತಿರಲಾರದು. ತಿಳಿಸಲೂಬಾರದು. ಪಶ್ಚಾತ್ತಾಪ ಪಟ್ಟು ಬಂದವನಾಗಿ ಹೋಗಬೇಕು. ನಿಮ್ಮ ಕೆಲಸ ಕದ್ದೆ, ಇನ್ನು ಸಹಿಸಲಾಗುವುದಿಲ್ಲ, ಎಲ್ಲರ ಮುಂದೆ ನಿಮ್ಮ ಹೆಸರು ಹೇಳುತ್ತೇನೆ ಅನ್ನಬೇಕು. ಇದರಲ್ಲಿ ನಟಿಸುವುದೇನೂ ಇಲ್ಲ, ನಾಚಿಕೆ ಇದ್ದೇ ಇದೆ, ಅದನ್ನೇ ಹೊರಗೆ ತೆಗೆದಿಟ್ಟರಾಯಿತು. ಒಳ್ಳೆಯ ಮನುಷ್ಯ, ಕರಗುತ್ತಾರೆ. 'ಹೌದಪ್ಪ, ನಾನೇ ಬರೆದದ್ದು' ಎಂದು ಒಂದು ಸಲ ಬಾಯಿಬಿಟ್ಟರೆ ಸಾಕು. ಜೇಬಿನಲ್ಲಿ ಫೋನ್ ಧ್ವನಿ ಹಿಡಿಯುತ್ತಿರುತ್ತದೆ. ಹಗ್ಗವನ್ನು ಹೂಮಾಲೆಯೆಂದು ಹೇಳಿ ಕೊರಳಿಗೆ ಹಾಕುವುದು. ಅಷ್ಟು ಸ್ಪಷ್ಟವಾಗಿ ಅದನ್ನು ತನಗೆ ತಾನೇ ಹೇಳಿಕೊಂಡ, ಹೇಳಿಕೊಂಡು ಬಸ್ಸು ಹತ್ತಿದ. ಮೊದಲನೆಯದು ಕಳ್ಳತನ. ಇದಕ್ಕೆ ಹೆಸರು ಹುಡುಕಲು ಹೋಗಲಿಲ್ಲ.

ಅಂಗಡಿ ಒಂದು ಇಳಿಜಾರು ರಸ್ತೆಯಲ್ಲಿ, ಚಪ್ಪಲಿ ರಿಪೇರಿಯವನಿಗೂ ಕನ್ನಡಕದಂಗಡಿಗೂ ನಡುವೆ ಇತ್ತು. ಒಳಗೆ ಗೋಡೆಯುದ್ದಕ್ಕೂ ಗಾಜಿನ ತೊಟ್ಟಿಗಳು, ಪ್ರತಿಯೊಂದರಲ್ಲೂ ಗುಳುಗುಳು ಗಾಳಿಗುಳ್ಳೆ. ಮೇಷ್ಟ್ರು ಮೊಣಕೈವರೆಗೆ ತೋಳು ಮಡಿಸಿ ಒಂದು ತೊಟ್ಟಿಯ ಒಳಗೋಡೆಯ ಪಾಚಿ ಉಜ್ಜುತ್ತಿದ್ದರು. ಅವನು ಬಾಗಿಲ ಹೊರಗೇ ನಿಂತು ಜೇಬಿನ ಫೋನನ್ನು ಒತ್ತಿ ಒಳಗೆ ಬಂದ.

"ಬಾರಪ್ಪ," ಅಂದರು, ಕೈ ಹೊರಗೆ ತೆಗೆಯದೆ. "ಕೂದಲು ಬಿಟ್ಟಿದ್ದೀಯ. ಚೆನ್ನಾಗಿದೆ. ಮೀನು ಬೇಕಾ?"

"ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕಿತ್ತು ಮೇಷ್ಟ್ರೇ."

"ಹೇಳು. ಆ ಸ್ಟೂಲ್ ಎಳ್ಕೋ, ಒಂದು ಕಾಲು ಗಿಡ್ಡ, ಗೋಡೆಗೆ ಒರಗಿಸಿ ಕೂತ್ಕೋ."

ಅವನು ಹೇಳಿದ. ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡ ಹಾಗೆಯೇ ಶುರು ಮಾಡಿದ. ಆದರೆ ಹೆಂಡತಿ ಅಂಗಿ ಮಡಿಸುತ್ತಾ ಸುಳ್ಳು ಹೇಳಿದ ಭಾಗಕ್ಕೆ ಬಂದಾಗ ದನಿ ನಿಜವಾಗಿಯೇ ಒಡೆಯಿತು. ಒಡೆದದ್ದು ಒಳ್ಳೆಯದೇ ಆಯಿತು ಎಂದು ಅವನೊಳಗಿನ ಇನ್ನೊಬ್ಬ ಲೆಕ್ಕ ಹಾಕಿದ. ಅದು ತಿಳಿದು ಅವನು ತೊಟ್ಟಿಯ ಕಡೆ ತಿರುಗಿದ. ತೊಟ್ಟಿಯಲ್ಲಿ ಒಂದು ಕಿತ್ತಳೆ ಬಣ್ಣದ ಮೀನು ಮೇಷ್ಟ್ರ ಬೆರಳಿನ ಸುತ್ತ ಸುತ್ತುತ್ತಿತ್ತು.

"ನಂಗೆ ಗೊತ್ತು," ಅಂದರು ಮೇಷ್ಟ್ರು.

"ಏನು?"

"ಮಗಳು ನಿನ್ನ ಭಾಷಣ ತೋರಿಸಿದ್ಳು. ಅಪ್ಪಾ, ಇದು ನೀನು ಮಾಡಿದ್ದು ಅಲ್ವಾ ಅಂದ್ಳು. ಚೆನ್ನಾಗಿ ಹೇಳಿದ್ದೀಯ. ನಾನು ಹೇಳಿದ್ರೆ ಜನ ನಿದ್ದೆ ಹೋಗ್ತಿದ್ರು."

"ಆವಾಗ್ಲೇ ಯಾಕೆ ನನ್ನ ಕೇಳ್ಲಿಲ್ಲ?"

"ಕೇಳಿ? ಆ ಮನೇಲಿ ನಿನ್ನನ್ನ ಹೆಸರು ಹಿಡಿದು ಕರೆದೋರು ಒಬ್ರಿರ್ಲಿಲ್ಲ. ನಾನೂ ಸೇರಿ. ಹೋಗ್ಲಿ, ನನ್ನ ಕೆಲಸವಾದ್ರೂ ನಿಂಗೆ ಉಪಯೋಗ ಆಯ್ತಲ್ಲ ಅಂದ್ಕೊಂಡೆ."

ಅವನು ನೆಲ ನೋಡಿದ. ಎದ್ದು ಹೋಗಿಬಿಡಬೇಕು ಅನ್ನಿಸಿತು. ಎದ್ದು ಹೋಗಲಿಲ್ಲ. ಜೇಬಿಗೆ ಬೇಕಾದ ಮಾತು ಇನ್ನೂ ಬಂದಿರಲಿಲ್ಲ.

"ಇನ್ಮೇಲೆ ಹಾಗಾಗೋದು ಬೇಡ ಮೇಷ್ಟ್ರೇ. ಆ ಅಂದಾಜಿನ ಲೆಕ್ಕ, ಆ ಪರದೆ, ಎಲ್ಲಾ ನೀವೇ ಬರೆದಿದ್ದು. ನೀವು ನಿಮ್ಮ ಬಾಯಲ್ಲಿ ಹೌದು ಅನ್ನಿ ಸಾಕು. ನಾನು ಎಲ್ಲಾ ಕಡೆ ಹೇಳ್ತೀನಿ."

ಮೇಷ್ಟ್ರು ಕೈ ಹೊರಗೆ ತೆಗೆದು, ಹೆಗಲ ಮೇಲಿನ ಬಟ್ಟೆಯಿಂದ ಒರೆಸಿಕೊಂಡರು.

"ಒಂದು ತಪ್ಪು ಹೇಳಿದೆ ನೀನು, ಆ ಭಾಷಣದಲ್ಲಿ. ಆವತ್ತಿಂದ ತಲೇಲಿ ಕೊರೀತಾ ಇದೆ. ಪರದೆ ಖಾಲಿ ಆಗ್ತಿರ್ಲಿಲ್ಲ ಅಂದೆ. ನಂದು ಆಗ್ತಿತ್ತು. ಹತ್ತು ನಿಮಿಷ ಮಾತ್ರ ಅಂದಾಜು. ಅಷ್ಟರಲ್ಲಿ ನಿಜವಾದ ಲೆಕ್ಕ ಬರ್ಲಿಲ್ಲ ಅಂದ್ರೆ ಪರದೆ ಖಾಲಿ, ಜೊತೆಗೆ ಗಂಟೆ ಹೊಡ್ಕೊಳ್ತಿತ್ತು. ಅಣ್ಣ ಬೇಡ ಅಂತ ಕೂಗಾಡಿದ. ನಾನು ತೆಗೀಲಿಲ್ಲ. ಗೊತ್ತಿಲ್ಲ ಅಂತ ಹೇಳೋಕೆ ಮಿಷನ್ನಿಗೂ ನಾಚಿಕೆ ಆಗಬಾರದು ಅಂದೆ. ಬಿಟ್ಟು ಹೋಗೋ ದಿನಾನೂ ಇತ್ತು ಅದು, ನೋಡಿಯೇ ಹೋದೆ."

"ಇಲ್ಲ ಮೇಷ್ಟ್ರೇ. ನಾನು ಓದಿದೀನಿ. ಅಲ್ಲಿ ಹತ್ತು ಇರ್ಲಿಲ್ಲ. ಸಾಲು ತುಂಬ ಬರೀ ಒಂಬತ್ತುಗಳು."

"ಒಂಬತ್ತು?" ಮೇಷ್ಟ್ರು ಅವನನ್ನು ನೋಡಿದರು. "ನಾನು ಯಾಕಪ್ಪ ಒಂಬತ್ತು ಬರೀಲಿ?"

ತೊಟ್ಟಿಗಳೆಲ್ಲ ಗುಳುಗುಳು ಅನ್ನುತ್ತಿದ್ದವು. ಫೋನಿನ ಕಾಲದ್ದೆಂದು ಅವನು ತನ್ನ ಬದುಕಿನಿಂದ ಹರಿದು ಎಸೆದಿದ್ದ ಆ ಕೊನೆಯ ತಿಂಗಳು ಆ ಸದ್ದಿನೊಳಗಿಂದ ಮೇಲೆ ಬಂತು: ಖಾಲಿ ಆಫೀಸು, ಬೆಳಗಿಂದ ನಿಲ್ಲದ ಕರೆಗಳು, ಒಂದಾದ ಮೇಲೊಂದು ನರ್ಸಿಂಗ್ ಹೋಂ, ನಿಮ್ಮ ಪರದೆ ಪದೇ ಪದೇ ಖಾಲಿಯಾಗ್ತಿದೆ, ಗಂಟೆ ಹೊಡ್ಕೊಳ್ತಿದೆ, ಮೊದಲು ಅದನ್ನ ನಿಲ್ಸಿ, ಕೇಳೋಣವೆಂದರೆ ಒಬ್ಬ ಎಂಜಿನಿಯರೂ ಇರದ ಆ ಮಧ್ಯಾಹ್ನ ಅವನು ಫಿಲ್ಟರಿನ ಮೇಲಿನ ಪಾಸ್‌ವರ್ಡ್ ನೋಡಿ ಒಳಗೆ ಹೋಗಿದ್ದ, ಕೋಡ್ ಅರ್ಥವಾಗದೆ ಗಂಟೆ ಅನ್ನುವ ಪದವನ್ನಷ್ಟೇ ಹುಡುಕಿ, ಅದರ ಮೇಲಿನ ಸಾಲಿನಲ್ಲಿದ್ದ ಹತ್ತನ್ನು ಅಳಿಸಿ, ಗಂಟೆ ಹೊಡೆಯುವ ಹೊತ್ತೇ ಬಾರದ ಹಾಗೆ ಒಂಬತ್ತರ ಗುಂಡಿಯ ಮೇಲೆ ಬೆರಳು ಒತ್ತಿ ಹಿಡಿದಿದ್ದ, ಆಮೇಲೆ ಯಾರಾದರೂ ಸರಿಮಾಡಿಕೊಳ್ಳಲಿ ಎಂದು. ಫೋನುಗಳು ಸುಮ್ಮನಾಗಿದ್ದವು, ಅವನು ನೆಮ್ಮದಿಯಾಗಿ ಊಟ ಮಾಡಿದ್ದ. ಮುಂದೆ ಆ ಕೋಡನ್ನು ಬಾಯಿಪಾಠ ಮಾಡುವಾಗ ಆ ಒಂಬತ್ತುಗಳ ಮುಂದೆ ಪ್ರತಿಸಲ ನಿಂತು, ಎಂಥ ಧೈರ್ಯ ಈ ಮೇಷ್ಟ್ರದು ಎಂದು ಬೆರಗಾಗುತ್ತಿದ್ದ. ಇಡೀ ಪ್ರೋಗ್ರಾಮಿನಲ್ಲಿ ಕದಿಯದೆ ಅವನದೇ ಆಗಿದ್ದ ಸಾಲು ಅದೊಂದೇ, ಅದನ್ನೂ ಅವನು ಕದ್ದದ್ದೆಂದೇ ತಿಳಿದಿದ್ದ. ಜೇಬಿನಲ್ಲಿ ಫೋನ್ ಬೆಚ್ಚಗೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು. "ಆದ್ರೂ ಮಿಕ್ಕಿದ್ದೆಲ್ಲ ನಿಮ್ಮದೇ ಅಲ್ವಾ ಮೇಷ್ಟ್ರೇ," ಅಂದ ಅವನು, ತನ್ನ ದನಿ ತನಗೇ ಗುರುತು ಸಿಗದೆ, "ಅದನ್ನಾದ್ರೂ 'ನಂದು' ಅನ್ನಿ, ತಗೊಳ್ಳಿ." ಮೇಷ್ಟ್ರು ತೋಳು ಇನ್ನಷ್ಟು ಮೇಲಕ್ಕೆ ಮಡಿಸಿ ಮತ್ತೆ ನೀರಿಗೆ ಕೈ ಹಾಕಿದರು. "ಬೇಡ," ಅಂದರು.